ಓಡದೆ ನಿಂತ ಕಾರು, ಓಡಿ ಬಂದ ಕಾರು: ಯಾವುದನ್ನು ಕೊಳ್ಳಲಿ?

ಪ್ರಶ್ನೆ: ನನಗೆ 43 ವರ್ಷ. ಸ್ಪೋರ್ಟ್ಸ್ ಕಾರಿಗೆಂದೇ ಹತ್ತು ವರ್ಷದಿಂದ ಹಣ ಕೂಡಿಡುತ್ತ ಬಂದಿದ್ದೇನೆ. ಈಗ ಮೂರು ದಾರಿಗಳಿವೆ. ಒಂದು, ಹೊಚ್ಚಹೊಸ ಕಾರು. ಅದಕ್ಕೆ ಕೂಡಿಟ್ಟದ್ದು ಸಾಲದು, ಸಾಲ ಮಾಡಬೇಕು. ಎರಡು, 2013ರ ಪೋರ್ಷೆ 911 ಕರೆರಾ ಎಸ್, ಮ್ಯಾನುಯಲ್ ಗೇರ್, ಓಡಿರುವುದು ಬರೀ 9,000 ಕಿ.ಮೀ. ಮೂರು, ಅದೇ ವರ್ಷದ ಅದೇ ಮಾದರಿ, ಅದೂ ಮ್ಯಾನುಯಲ್. 71,000 ಕಿ.ಮೀ. ಓಡಿದೆ, ಸರ್ವಿಸ್ ಬಿಲ್ಲುಗಳೆಲ್ಲ ಒಂದು ಫೈಲಿನಲ್ಲಿವೆ, ಬೆಲೆ ಎರಡನೆಯದಕ್ಕಿಂತ ಸುಮಾರು ಮೂರನೇ ಒಂದು ಭಾಗ ಕಡಿಮೆ. ಗೆಳೆಯರೆಲ್ಲ "ಕಡಿಮೆ ಓಡಿದ್ದನ್ನೇ ತಗೋ, ಅದು ಚಿನ್ನ ಇದ್ದ ಹಾಗೆ, ರೇಟು ಇಳಿಯೋದೇ ಇಲ್ಲ" ಅನ್ನುತ್ತಾರೆ. ತಿಂಗಳಿಗೆ ಎರಡು ಮೂರು ಭಾನುವಾರ ಮುಂಜಾನೆ ಓಡಿಸಬೇಕೆಂಬುದು ನನ್ನ ಆಸೆ. ಇನ್ನು ಐದು ವರ್ಷಕ್ಕೆ ಮಗಳು ಕಾಲೇಜಿಗೆ ಹೋಗುತ್ತಾಳೆ. "ಆಗ ಮಾರಬೇಕಾಗಿ ಬಂದರೆ ಎಷ್ಟು ಕಳೆದುಕೊಳ್ಳುತ್ತೇವೆ?" ಎಂದು ಹೆಂಡತಿ ಕೇಳಿದಳು. ನನ್ನ ಬಳಿ ಉತ್ತರ ಇರಲಿಲ್ಲ.

ಉತ್ತರ: ಮೂರು ಕಾರುಗಳಲ್ಲಿ ಯಾವುದು ಎಂದು ನೀವು ಕೇಳಿದ್ದೀರಿ. ಆದರೆ ಪತ್ರದಲ್ಲಿ ತೂಕವಿರುವುದು ನಿಮ್ಮ ಪತ್ನಿಯವರ ಪ್ರಶ್ನೆಗೆ. ಇಪ್ಪತ್ತೆರಡು ವರ್ಷದಿಂದ ಕೊಳ್ಳುವವರ ಪರವಾಗಿ ಹಳೆಯ ಸ್ಪೋರ್ಟ್ಸ್ ಕಾರುಗಳನ್ನು ಪರೀಕ್ಷಿಸಿ ಬೆಲೆ ಕಟ್ಟುತ್ತಿದ್ದೇನೆ. ಆ ಪ್ರಶ್ನೆಯನ್ನು ಕಾರು ಕೊಳ್ಳುವ ಮೊದಲೇ ಕೇಳಿದ ಮನೆಗಳು ಕಡಿಮೆ. ಹೆಚ್ಚಿನವರು ನನ್ನ ಹತ್ತಿರ ಬರುವುದು ಮಾರುವ ಹೊತ್ತಿಗೆ. ಆದ್ದರಿಂದ ಕಾರಿನ ಮಾತು ಆಮೇಲೆ, ಮೊದಲು ಚಿನ್ನದ ಮಾತನ್ನು ಇತ್ಯರ್ಥ ಮಾಡೋಣ.

ಕೆಲವು ಕಾರುಗಳ ಬೆಲೆ ಏರಿದ್ದು ನಿಜ. ಅದನ್ನು ನೋಡಿ ಎಲ್ಲವೂ ಏರುತ್ತವೆ ಎಂದು ನಂಬಿದವರು ಏನಾದರು ಅನ್ನುವುದೂ ಅಷ್ಟೇ ನಿಜ. 1987ರಲ್ಲಿ ಫೆರಾರಿ ಎಫ್40 ಬಂತು. ಮರುವರ್ಷ ಆಗಸ್ಟ್‌ನಲ್ಲಿ ಕಂಪನಿ ಕಟ್ಟಿದ ಎಂಜೊ ಫೆರಾರಿ ತೀರಿಕೊಂಡರು. ಇನ್ನು ಇಂಥ ಕಾರು ಹುಟ್ಟುವುದಿಲ್ಲ ಎಂದು ಜನ ಮುಗಿಬಿದ್ದರು, ಶೋರೂಮ್ ಬೆಲೆಯ ಹಲವು ಪಟ್ಟು ಕೊಟ್ಟು ಕೈಯಿಂದ ಕೈಗೆ ಕೊಂಡರು. ಸುಮಾರು 400 ಮಾಡುತ್ತೇವೆ ಎಂದಿದ್ದ ಕಾರು 1992ರಲ್ಲಿ ನಿಲ್ಲುವ ಹೊತ್ತಿಗೆ 1,300 ದಾಟಿತ್ತು. ಅಷ್ಟರಲ್ಲಿ ಆರ್ಥಿಕ ಹಿಂಜರಿತವೂ ಬಂದು ಬೆಲೆ ದಿಢೀರನೆ ಕುಸಿಯಿತು. ಅದೇ ಕಾಲದ ಜಾಗ್ವಾರ್ ಎಕ್ಸ್‌ಜೆ220ರ ಕಥೆ ಇನ್ನೂ ಕಹಿ. 1988ರಲ್ಲಿ ತೋರಿಸಿದ್ದು ಹನ್ನೆರಡು ಸಿಲಿಂಡರಿನ ವಿ12 ಎಂಜಿನ್, ನಾಲ್ಕೂ ಚಕ್ರಕ್ಕೆ ಶಕ್ತಿ. ಮುಂಗಡ ಕೊಟ್ಟವರ ಕೈಗೆ 1992ರಿಂದ ಬಂದದ್ದು ಟರ್ಬೊ ಹಾಕಿದ ವಿ6, ಹಿಂದಿನ ಚಕ್ರಕ್ಕಷ್ಟೇ ಶಕ್ತಿ. ಮುಂಗಡವನ್ನು ಲಾಭಕ್ಕೆ ಮಾರಬಹುದೆಂದು ಹಣ ಹೂಡಿದ್ದವರು ಒಪ್ಪಂದದಿಂದ ಬಿಡಿಸಿಕೊಳ್ಳಲು ನ್ಯಾಯಾಲಯದ ಮೆಟ್ಟಿಲು ಹತ್ತಿದರು. ಇಂದು ಎರಡೂ ಕಾರುಗಳಿಗೆ ಒಳ್ಳೆಯ ಬೆಲೆಯಿದೆ. ಆದರೆ 1990ರಲ್ಲಿ ಎಫ್40 ಕೊಂಡು ಐದು ವರ್ಷಕ್ಕೆ ಮಾರಬೇಕಾಗಿ ಬಂದವರಿಗೆ ಇಂದಿನ ಬೆಲೆಯಿಂದ ಏನು ಬಂತು? ನಿಮ್ಮ ಅವಧಿಯೂ ಐದೇ ವರ್ಷ. ಗೆಳೆಯರು ಹೇಳುವ ಕಥೆಗಳೆಲ್ಲ ಇಪ್ಪತ್ತು ಮೂವತ್ತು ವರ್ಷ ಕಾದವರವು.

ಕಡಿಮೆ ಸಂಖ್ಯೆಯಲ್ಲಿ ಮಾಡಿದ್ದಾದರೆ ಬೆಲೆ ನಿಲ್ಲುತ್ತದೆ ಅನ್ನುವುದೂ ಅರ್ಧ ಸತ್ಯವೇ. ನಿಮ್ಮ 911ರ ಕುಟುಂಬದಲ್ಲೇ ಇದಕ್ಕೆ ನಿದರ್ಶನವಿದೆ. 911ರಲ್ಲೇ ರೇಸ್ ಟ್ರ್ಯಾಕಿಗೆ ಹೊಂದುವಂತೆ ಮಾಡಿದ ಮಾದರಿ ಜಿಟಿ3. 2013ರಲ್ಲಿ ಬಂದ ಜಿಟಿ3ಯಲ್ಲಿ ಮ್ಯಾನುಯಲ್ ಗೇರ್ ಇರಲಿಲ್ಲ, ಪ್ರಿಯರು ಬೇಸರಪಟ್ಟರು. 2016ರಲ್ಲಿ ಪೋರ್ಷೆ 911 ಆರ್ ತಂದಿತು: ಮ್ಯಾನುಯಲ್ ಗೇರ್, ಒಟ್ಟು 991 ಕಾರುಗಳು ಮಾತ್ರ. ಮರುಮಾರಾಟದಲ್ಲಿ ಅದರ ಬೆಲೆ ಹೊಸದರ ಹಲವು ಪಟ್ಟಾಯಿತು. 2017ರಲ್ಲಿ ಜಿಟಿ3ಗೇ ಮ್ಯಾನುಯಲ್ ಗೇರ್ ಮರಳಿತು, ಅದೇ ವರ್ಷ ಹಿಂಬದಿಯ ದೊಡ್ಡ ರೆಕ್ಕೆಯಿಲ್ಲದ ಟೂರಿಂಗ್ ಕೂಡ ಬಂತು. ಜನ 911 ಆರ್‌ನಲ್ಲಿ ಹುಡುಕಿದ್ದ ಸುಖ ಬಹುಪಾಲು ಅದರಲ್ಲೇ ಸಿಕ್ಕಿತು. 911 ಆರ್‌ನ ಬೆಲೆ ತುದಿಯಿಂದ ಜಾರಿತು. ಕಾರುಗಳ ಸಂಖ್ಯೆ ಆಗಲೂ 991, ಈಗಲೂ 991. ಬದಲಾದದ್ದು ಬೇಡಿಕೆ. ಇದಕ್ಕೆ ತದ್ವಿರುದ್ಧ ಲೆಕ್ಸಸ್ ಎಲ್‌ಎಫ್‌ಎ. 500 ಮಾತ್ರ ಮಾಡಿ 2012ರ ಕೊನೆಗೆ ನಿಲ್ಲಿಸಿದ ಆ ವಿ10 ಕಾರುಗಳಲ್ಲಿ ಕೆಲವು ವರ್ಷಗಟ್ಟಲೆ ಶೋರೂಮಿನಲ್ಲೇ ಉಳಿದಿದ್ದವು. ಆಮೇಲೆ ಬೆಲೆ ಹಲವು ಪಟ್ಟು ಏರಿತು. ಇವೆರಡನ್ನೂ ಮುಂಚೆಯೇ ಊಹಿಸಿದ್ದೆ ಎನ್ನುವವರನ್ನು ನಾನು ನಂಬುವುದಿಲ್ಲ. ನಾನೂ ಊಹಿಸಿರಲಿಲ್ಲ.

ಹಾಗಾದರೆ ಬೆಲೆ ಇಳಿಯುವುದೇಕೆ? ಹೊಸ ಮಾದರಿ ಬರುತ್ತದೆ, ವಾರಂಟಿ ಮುಗಿಯುತ್ತದೆ, ಫ್ಯಾಷನ್ ಬದಲಾಗುತ್ತದೆ, ಇವೆಲ್ಲ ನಿಮಗೆ ಗೊತ್ತಿರುವಂಥವೇ. ಇವಕ್ಕಿಂತ ದೊಡ್ಡ ಕಾರಣ ಒಂದಿದೆ, ಅದನ್ನು ಯಾರೂ ಹೇಳುವುದಿಲ್ಲ. ಕಾರಿನ ಬೆಲೆಗೆ ವಯಸ್ಸಾಗುತ್ತದೆ, ಬಿಡಿಭಾಗದ ಬೆಲೆಗೆ ಆಗುವುದಿಲ್ಲ. ಹೊಸತರಲ್ಲಿ ಹತ್ತು ಪಾಲು ಬೆಲೆಯಿದ್ದ ಕಾರು ಹನ್ನೆರಡು ವರ್ಷಕ್ಕೆ ಮೂರು ಪಾಲಿಗೆ ಬಂದಿರಬಹುದು. ಆದರೆ ಅದರ ಕ್ಲಚ್ಚು, ಡಿಸ್ಕು, ಶಾಕ್ ಅಬ್ಸಾರ್ಬರ್‌ಗೆ ಇಂದಿಗೂ ಹತ್ತು ಪಾಲಿನ ಕಾರಿನ ದರವೇ. ಒಂದು ಹಂತದಲ್ಲಿ ಒಂದೇ ಒಂದು ದೊಡ್ಡ ರಿಪೇರಿ ಕಾರಿನ ಬೆಲೆಯ ಕಾಲು ಭಾಗ, ಅರ್ಧ ಭಾಗ ನುಂಗುತ್ತದೆ. ಮಾರುಕಟ್ಟೆ ಆ ಭಯವನ್ನು ಮೊದಲೇ ಬೆಲೆಯಿಂದ ಕಳೆದುಬಿಡುತ್ತದೆ. 2005ರಲ್ಲಿ ಬಂದ ಬಿಎಂಡಬ್ಲ್ಯು ಎಂ5 ನೋಡಿ. 5 ಲೀಟರ್ ವಿ10, 507 ಅಶ್ವಶಕ್ತಿ, ಕೇಳಿದರೆ ಮೈ ಜುಮ್ಮೆನ್ನುವ ಸದ್ದು. ಆದರೆ ಕನೆಕ್ಟಿಂಗ್ ರಾಡಿನ ಬೇರಿಂಗ್ ಬೇಗ ಸವೆಯುತ್ತದೆ, ಗೇರ್ ಬದಲಿಸುವ ಹೈಡ್ರಾಲಿಕ್ ಪಂಪ್ ಕೈಕೊಡುತ್ತದೆ ಎಂಬ ಮಾತು ಹರಡಿ ಬೆಲೆ ಸಾಧಾರಣ ಕಾರುಗಳ ಮಟ್ಟಕ್ಕೆ ಇಳಿಯಿತು. ಅಗ್ಗವಾಗಿ ಸಿಕ್ಕಿತೆಂದು ಕೊಂಡವರಲ್ಲಿ ಕೆಲವರು ಮೊದಲ ವರ್ಷವೇ ಗ್ಯಾರೇಜಿಗೆ ಸುರಿದ ಹಣದ ಲೆಕ್ಕವನ್ನು ನನ್ನ ಮುಂದೆ ಹರಡಿದ್ದಾರೆ. ಅಗ್ಗದ ಸೂಪರ್ ಕಾರು ಎಂಬುದು ಇಲ್ಲ. ಮುಂಗಡವಾಗಿ ಕೊಡದ ಹಣವನ್ನು ಕಂತಿನಲ್ಲಿ ಕೊಡುತ್ತೀರಿ, ಅಷ್ಟೇ.

911ಗಳ ವಿಷಯದಲ್ಲೂ ಇಂಥದೊಂದು ಭಯವಿದೆ, ನಿಮ್ಮ ಕಿವಿಗೂ ಬಿದ್ದಿರಬಹುದು. 1990ರ ದಶಕದ ಕೊನೆಗೆ ಬಂದ 996 ಪೀಳಿಗೆಯಲ್ಲಿ ಎಂಜಿನ್ ಮೊದಲ ಬಾರಿ ನೀರಿನಿಂದ ತಂಪಾಗತೊಡಗಿತು. ಅದರ ಎಂ96 ಎಂಜಿನ್ನಿನ ನಡುವಿನ ಶಾಫ್ಟಿಗೆ ಒಂದು ಬೇರಿಂಗ್ ಇದೆ, ಅದು ಒಡೆದರೆ ಲೋಹದ ಪುಡಿ ಎಂಜಿನ್ ತುಂಬ ಹರಡಿ ಕಥೆ ಮುಗಿಯುತ್ತದೆ. ಒಡೆದದ್ದು ಕೆಲವೇ ಕಾರುಗಳಲ್ಲಾದರೂ ಭಯ ಎಲ್ಲ ಕಾರುಗಳ ಬೆಲೆಯನ್ನೂ ಎಳೆದು ಕೆಳಗಿಳಿಸಿತು. ಅದೇ ಪೀಳಿಗೆಯ ಟರ್ಬೊ ಮತ್ತು ಜಿಟಿ3ಯಲ್ಲಿ ಬೇರೆ ಎಂಜಿನ್ ಇದ್ದುದರಿಂದ ಅವು ಆ ಏಟಿನಿಂದ ತಪ್ಪಿಸಿಕೊಂಡವು. 2009ರ ಮಾದರಿಯಿಂದ ಪೋರ್ಷೆ ಆ ಶಾಫ್ಟನ್ನೇ ತೆಗೆದುಹಾಕಿತು. ನೀವು ನೋಡಿರುವ 2013ರ ಎರಡೂ ಕಾರುಗಳಲ್ಲಿ ಆ ಬೇರಿಂಗ್ ಇಲ್ಲ. ಯಾರಾದರೂ ಆ ಹೆಸರು ಹೇಳಿ ಹೆದರಿಸಿದರೆ ಕಿವಿಗೊಡಬೇಡಿ.

ಇನ್ನೊಂದು ಅನುಕೂಲವೂ ನಿಮ್ಮ ಕಡೆಗಿದೆ. ನಿಮ್ಮ ಕರೆರಾ ಎಸ್‌ನದು 3.8 ಲೀಟರ್, ಟರ್ಬೊ ಇಲ್ಲದ ಎಂಜಿನ್, ಏಳು ಗೇರಿನ ಮ್ಯಾನುಯಲ್. 2015ರ ಕೊನೆಗೆ ಬಂದ ಪರಿಷ್ಕೃತ ಕರೆರಾಗಳು 3 ಲೀಟರ್ ಟರ್ಬೊಗೆ ಹೊರಳಿದವು. ಅದೇ ವರ್ಷ ಫೆರಾರಿಯೂ 458ರ ಜಾಗಕ್ಕೆ ಟರ್ಬೊ ಹಾಕಿದ 488 ತಂದಿತು. ಹೊಸದು ಹೆಚ್ಚು ವೇಗದ್ದೇ, ಆದರೂ ಹಳೆಯ ಎಂಜಿನ್ನಿನ ದನಿಗೆ, ಆಕ್ಸಿಲರೇಟರ್ ತುಳಿದ ಕ್ಷಣವೇ ಓಗೊಡುವ ಗುಣಕ್ಕೆ ಸೋತವರು ಹಿಂದಿನ ಮಾದರಿಯನ್ನೇ ಅರಸಿ ಬರುತ್ತಾರೆ. ಮ್ಯಾನುಯಲ್ ಗೇರ್ ಇದ್ದರಂತೂ ಕೇಳುವವರು ಇನ್ನೂ ಹೆಚ್ಚು. ಹಾಗಾಗಿ ಬೆಲೆ ತಡೆದು ನಿಲ್ಲಿಸುವ ಗುಣಗಳು ನಿಮ್ಮ ಎರಡು ಕಾರಿನಲ್ಲೂ ಸಮನಾಗಿವೆ. ವ್ಯತ್ಯಾಸವಿರುವುದು ಓಡಿದ ದೂರದಲ್ಲಿ ಮಾತ್ರ. ಎರಡನೆಯದಕ್ಕೆ ಆ ಹೆಚ್ಚಿನ ಹಣ ಕೊಟ್ಟು ನೀವು ಕೊಳ್ಳುವುದು ಏನನ್ನು ಅನ್ನುವುದೇ ಈಗ ಉಳಿದ ಪ್ರಶ್ನೆ.

ಲೆಕ್ಕ ಹಾಕೋಣ ಬನ್ನಿ. ತಿಂಗಳಿಗೆ ಎರಡು ಮೂರು ಮುಂಜಾನೆ ಅಂದಿರಿ. ವರ್ಷಕ್ಕೆ ಮೂವತ್ತು ಸಲ, ಸಲಕ್ಕೆ 150 ಕಿ.ಮೀ. ಅಂದರೆ ವರ್ಷಕ್ಕೆ 4,500, ಐದು ವರ್ಷಕ್ಕೆ 22,500 ಕಿ.ಮೀ. ಮೂರನೆಯ ಕಾರು 71,000ದಿಂದ 93,500ಕ್ಕೆ ಹೋಗುತ್ತದೆ. ಕೊಳ್ಳುವವನ ಕಣ್ಣಿಗೆ ಅದು ಆಗಲೂ ಓಡಿದ ಕಾರು, ಈಗಲೂ ಓಡಿದ ಕಾರು. ಎರಡನೆಯದು 9,000ದಿಂದ 31,500ಕ್ಕೆ ಹೋಗುತ್ತದೆ, ಮೂರೂವರೆ ಪಟ್ಟು. "ಹೊಸದರಂತಿದೆ" ಎಂಬ ಒಂದೇ ಮಾತಿಗೆ ನೀವು ಕೊಟ್ಟ ಹಣ ಅಷ್ಟೂ ಆ 22,500 ಕಿ.ಮೀ.ಯಲ್ಲಿ ಕರಗಿರುತ್ತದೆ. ನೀವು ದುಡ್ಡು ಕೊಡುತ್ತಿರುವುದು ಬೇರೆಯವರು ಓಡಿಸದೆ ಉಳಿಸಿದ ದೂರಕ್ಕೆ. ಓಡಿಸಿದ ಪ್ರತಿ ಮುಂಜಾನೆಯೂ ಅದನ್ನು ಖರ್ಚು ಮಾಡುತ್ತೀರಿ. ಓಡಿಸದೆ ಇಟ್ಟರೆ ಹಣ ಉಳಿಯುತ್ತದೆ, ಹತ್ತು ವರ್ಷ ಕೂಡಿಟ್ಟ ಆಸೆ ಉಳಿಯುವುದಿಲ್ಲ. ಅಂಥ ಕಾರು ಕೊಂಡ ಎಷ್ಟೋ ಜನರನ್ನು ಬಲ್ಲೆ. ಮೊದಲು ಮಳೆಯಲ್ಲಿ ತೆಗೆಯುವುದಿಲ್ಲ, ಆಮೇಲೆ ದೂರ ಹೋಗುವುದಿಲ್ಲ, ಕಡೆಗೆ ಹೊದಿಕೆ ಹಾಕಿ ಬ್ಯಾಟರಿ ಚಾರ್ಜರ್ ಸಿಕ್ಕಿಸಿ ವಾರಕ್ಕೊಮ್ಮೆ ನೋಡಿ ಬರುತ್ತಾರೆ. ನೀವು ಬರೆದ ರೀತಿ ನೋಡಿದರೆ ನಿಮಗೆ ಬೇಕಾಗಿರುವುದು ಅದಲ್ಲ.

ಅಲ್ಲದೆ, ಓಡದ ಕಾರು ಆರೋಗ್ಯವಾಗಿರುತ್ತದೆ ಅನ್ನುವುದು ದೊಡ್ಡ ತಪ್ಪು ತಿಳಿವಳಿಕೆ. ವರ್ಷಕ್ಕೆ 750 ಕಿ.ಮೀ. ಓಡಿದ ಕಾರೆಂದರೆ ಹೆಚ್ಚಿನ ದಿನ ಕದಲದೆ ನಿಂತದ್ದು. ನಿಂತಲ್ಲೇ ರಬ್ಬರ್ ಸೀಲುಗಳು ಒಣಗಿ ಬಿರಿಯುತ್ತವೆ, ಪೆಟ್ರೋಲ್ ಹಳಸುತ್ತದೆ, ಬ್ರೇಕ್ ಎಣ್ಣೆ ಗಾಳಿಯ ತೇವ ಹೀರುತ್ತದೆ, ಕ್ಯಾಲಿಪರಿನ ಪಿಸ್ಟನ್ ಹಿಡಿದುಕೊಳ್ಳುತ್ತದೆ. ಆಗೊಮ್ಮೆ ಈಗೊಮ್ಮೆ ಸ್ಟಾರ್ಟ್ ಮಾಡಿ ಐದು ನಿಮಿಷಕ್ಕೆ ಆರಿಸಿದರೆ ಇನ್ನೂ ಕೇಡು. ಎಂಜಿನ್ ಪೂರ್ತಿ ಬಿಸಿಯಾಗದೆ ಒಳಗಿನ ನೀರಿನಂಶ ಎಣ್ಣೆಯಲ್ಲೂ ಸೈಲೆನ್ಸರಿನಲ್ಲೂ ಉಳಿಯುತ್ತದೆ. ಕೆಲವು ವರ್ಷದ ಹಿಂದೆ 4,000 ಕಿ.ಮೀ. ಓಡಿದ ಕಾರೊಂದನ್ನು ನೋಡಲು ಹೋಗಿದ್ದೆ, ಬೇರೆ ಕಂಪನಿಯದು. ಸೀಟಿನ ಚರ್ಮಕ್ಕೆ ಹೊಸ ವಾಸನೆ ಇನ್ನೂ ಹೋಗಿರಲಿಲ್ಲ. ಟೈರಿನ ಹಲ್ಲುಗಳೂ ಪೂರ್ತಿ ಇದ್ದವು, ಆದರೆ ಟೈರಿಗೆ ಹನ್ನೊಂದು ವರ್ಷವಾಗಿತ್ತು. ಮಾರುವವರಿಗೆ ಅದು ಗೊತ್ತೇ ಇರಲಿಲ್ಲ. ಅಂಥ ಗಟ್ಟಿಯಾದ ರಬ್ಬರಿನ ಮೇಲೆ 400 ಅಶ್ವಶಕ್ತಿಯ ಕಾರನ್ನು ತಿರುವಿಗೆ ಹಾಕುವುದು ಜೀವದ ಜೊತೆ ಆಟ. ಟೈರಿನ ಪಕ್ಕದಲ್ಲಿ ಡಿಒಟಿ ಅಕ್ಷರಗಳ ಸಾಲಿನ ಕೊನೆಗೆ ನಾಲ್ಕು ಅಂಕಿಗಳಿರುತ್ತವೆ. 2316 ಎಂದಿದ್ದರೆ 2016ರ 23ನೇ ವಾರ ತಯಾರಾದದ್ದು. ಯಾವ ಕಾರು ನೋಡಲು ಹೋದರೂ ಮೊದಲು ಬಗ್ಗಿ ಅದನ್ನು ಓದಿ.

ಮೂರನೆಯ ಕಾರಿನ ಕಡೆಗೆ ನನ್ನ ಒಲವು ನಿಮಗೆ ಈಗಾಗಲೇ ಗೊತ್ತಾಗಿರಬೇಕು. ಆದರೆ ಫೈಲು ದಪ್ಪವಿದೆ ಎಂದು ಹಣ ಕೊಟ್ಟುಬಿಡಬೇಡಿ. ಫೈಲನ್ನು ಓದಿ. ಬ್ರೇಕ್ ಎಣ್ಣೆ ಎರಡು ವರ್ಷಕ್ಕೊಮ್ಮೆ ಬದಲಾಗಿದೆಯೇ, ಬಿಲ್ಲುಗಳಲ್ಲಿ ಕಿಲೋಮೀಟರ್ ಅಂಕಿ ಒಂದರ ಮೇಲೊಂದು ಸಹಜವಾಗಿ ಏರುತ್ತ ಬಂದಿದೆಯೇ, ನಡುವೆ ಎರಡು ಮೂರು ವರ್ಷ ಖಾಲಿ ಬಿಟ್ಟಿದೆಯೇ ನೋಡಿ. ಖಾಲಿ ಜಾಗವೇ ಹೆಚ್ಚು ಮಾತಾಡುತ್ತದೆ. ಒಂದು ವರ್ಷದಲ್ಲಿ ಎರಡು ಸೆಟ್ ಟೈರು, ಎರಡು ಸಲ ಬ್ರೇಕ್ ಪ್ಯಾಡ್ ಬದಲಾಗಿದ್ದರೆ ಕಾರು ರೇಸ್ ಟ್ರ್ಯಾಕಿಗೆ ಹೋಗಿದೆ. ಹೋಗಬಾರದೆಂದಿಲ್ಲ, ಅದಕ್ಕೆಂದೇ ಮಾಡಿದ ಕಾರು. ಮಾರುವವರು ಅದನ್ನು ತಾವಾಗಿ ಹೇಳಿದರೆ ಒಳ್ಳೆಯ ಲಕ್ಷಣ, ಮುಚ್ಚಿಟ್ಟರೆ ಇನ್ನೇನು ಮುಚ್ಚಿಟ್ಟಿದ್ದಾರೋ ಎಂದು ಯೋಚಿಸಬೇಕು.

ಆಮೇಲೆ ಎಂಜಿನ್ ಕಂಪ್ಯೂಟರಿನ ವರದಿ. ಮ್ಯಾನುಯಲ್ ಕಾರಿನಲ್ಲಿ ನಾನು ಇದಿಲ್ಲದೆ ಮುಂದುವರಿಯುವುದೇ ಇಲ್ಲ. ವೇಗದಲ್ಲಿರುವಾಗ ಐದನೇ ಗೇರಿಗೆ ಹೋಗಬೇಕಾದವನ ಕೈ ತಪ್ಪಿ ಮೂರನೆಯದಕ್ಕೆ ಬಿದ್ದರೆ ಚಕ್ರಗಳೇ ಎಂಜಿನ್ನನ್ನು ಮಿತಿ ಮೀರಿ ತಿರುಗಿಸಿಬಿಡುತ್ತವೆ. ಎಂಜಿನ್ನಿನ ವೇಗಮಿತಿ ಕಾಯುವ ವ್ಯವಸ್ಥೆ ಪೆಟ್ರೋಲ್ ನಿಲ್ಲಿಸಬಲ್ಲದು, ಚಕ್ರವನ್ನು ನಿಲ್ಲಿಸಲಾರದು. ಈ ಪೀಳಿಗೆಯ 911 ಅಂಥ ಘಟನೆಗಳನ್ನು ಆರು ಹಂತಗಳಲ್ಲಿ ನೆನಪಿಡುತ್ತದೆ, ಕೊನೆಯ ಸಲ ಆದದ್ದು ಎಂಜಿನ್ ಎಷ್ಟನೇ ಗಂಟೆ ಓಡುತ್ತಿದ್ದಾಗ ಎಂಬುದನ್ನೂ ಬರೆದಿಡುತ್ತದೆ. ಮೊದಲೆರಡು ಹಂತದಲ್ಲಿ ಅಂಕಿಗಳಿದ್ದರೆ ಹುರುಪಿನಿಂದ ಓಡಿಸಿದ್ದಾರೆ ಎಂದಷ್ಟೇ ಅರ್ಥ. ನಾಲ್ಕರಿಂದ ಮೇಲೆ ಇದ್ದರೆ, ಅದೂ ಇತ್ತೀಚಿನ ಗಂಟೆಗಳಲ್ಲಿ ಆಗಿದ್ದರೆ, ನಾನಾದರೆ ಆ ಕಾರು ಬಿಟ್ಟು ಬರುತ್ತೇನೆ.

ಅದೇ ವರದಿಯಿಂದ ಇನ್ನೊಂದು ಉಪಕಾರವಿದೆ. ಓಡಿದ ದೂರವನ್ನು ಎಂಜಿನ್ನಿನ ಒಟ್ಟು ಗಂಟೆಯಿಂದ ಭಾಗಿಸಿ. 71,000 ಕಿ.ಮೀ.ಗೆ 1,400 ಗಂಟೆ ಅಂದರೆ ಗಂಟೆಗೆ ಸುಮಾರು 50 ಕಿ.ಮೀ., ಒಪ್ಪುವಂಥದು. ಗಂಟೆಗಳು 2,800 ಇದ್ದರೆ ಸರಾಸರಿ 25ಕ್ಕೆ ಇಳಿಯುತ್ತದೆ. ಒಂದೋ ಆ ಕಾರು ಬದುಕೆಲ್ಲ ಟ್ರಾಫಿಕ್‌ನಲ್ಲಿ ಕಳೆದಿದೆ, ಇಲ್ಲವೇ ಮೀಟರನ್ನು ಯಾರೋ ಹಿಂದಕ್ಕೆ ತಿರುಗಿಸಿದ್ದಾರೆ. 9,000 ಕಿ.ಮೀ. ಕಾರಿಗೂ ಈ ಲೆಕ್ಕ ಮಾಡಿ ನೋಡಿ. ಅಂಕಿ ಸಣ್ಣದಿದ್ದಷ್ಟೂ ತಿರುಗಿಸುವ ಆಸೆ ದೊಡ್ಡದು.

ಬಣ್ಣದ ದಪ್ಪ ಅಳೆಯುವ ಯಂತ್ರ ಹಿಡಿದು ಸುತ್ತಲೂ ನೋಡಿಸಿ. ಎಲ್ಲೆಡೆ 120 ಮೈಕ್ರಾನ್ ಆಸುಪಾಸು ಇದ್ದು ಒಂದು ಬಾಗಿಲಿನಲ್ಲಿ ಮಾತ್ರ 300 ತೋರಿಸಿದರೆ ಅದಕ್ಕೆ ಮತ್ತೆ ಬಣ್ಣ ಬಿದ್ದಿದೆ. ಗೀರಿಗೆ ಬಿದ್ದದ್ದೋ ಅಪಘಾತಕ್ಕೋ ಎಂಬುದನ್ನು ಒಳಗಿನ ಬೆಸುಗೆ, ಬೋಲ್ಟುಗಳು ಹೇಳುತ್ತವೆ. ಕ್ಲಚ್ಚು, ಸಸ್ಪೆನ್ಷನ್ನಿನ ಬುಷ್‌ಗಳು ಈ ದೂರಕ್ಕೆ ಸವೆದಿರುವುದು ಸಹಜ. ಅದನ್ನು ಕಾಯಿಲೆ ಎಂದು ನೋಡದೆ ಚೌಕಾಸಿಗೆ ಬಳಸಿ. ಕಾರಿನಲ್ಲಿ ಸೆರಾಮಿಕ್ ಬ್ರೇಕ್ ಇದೆಯೇ ಎಂದು ಮೊದಲೇ ಕೇಳಿಕೊಳ್ಳಿ. ಅವುಗಳ ಸವೆತ ಕಣ್ಣಿಗೆ ಕಾಣುವುದಿಲ್ಲ. ಡಿಸ್ಕನ್ನು ಕಳಚಿ ತೂಗಿ, ಅದರ ಮೇಲೆ ಬರೆದಿರುವ ಕನಿಷ್ಠ ತೂಕದ ಜೊತೆ ಹೋಲಿಸಬೇಕು. ನಾಲ್ಕನ್ನೂ ಬದಲಿಸುವ ಖರ್ಚು ಕೇಳಿದರೆ ಎದೆ ಝಲ್ಲೆನ್ನುತ್ತದೆ.

ಸಾಲ ಮಾಡಿ ಹೊಸದು ಕೊಳ್ಳುವ ದಾರಿಯ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಬೆಲೆ ಅತಿ ಜೋರಾಗಿ ಇಳಿಯುವ ಮೊದಲ ಮೂರ್ನಾಲ್ಕು ವರ್ಷಗಳ ನಷ್ಟವನ್ನು ನೀವೇ ಹೊರುತ್ತೀರಿ, ಮೇಲೆ ಬಡ್ಡಿ ಬೇರೆ. ಮಧ್ಯದಲ್ಲೇ ಮಾರಬೇಕಾಗಿ ಬಂದರೆ ಕಾರಿನ ಬೆಲೆಗಿಂತ ಉಳಿದ ಸಾಲವೇ ಹೆಚ್ಚಿರುವ ಇಕ್ಕಟ್ಟು. ಹೊಸದಕ್ಕೆ ಸೇರಿಸುವ ದುಬಾರಿ ಹೆಚ್ಚುವರಿ ಸೌಕರ್ಯಗಳ ಹಣವೂ ಮರಳಿ ಬರುವುದು ಅಲ್ಪ. ಮಗಳ ಓದು ಎದುರಿಗಿರುವಾಗ ಈ ದಾರಿ ಬೇಡ.

ಈಗ ಪತ್ನಿಯವರಿಗೆ ಹೇಳಬೇಕಾದ ಉತ್ತರ. ಐದು ವರ್ಷದ ನಂತರದ ಬೆಲೆ ಯಾರಿಗೂ ಗೊತ್ತಿಲ್ಲ, ಆದರೆ ಹತ್ತಿರದ ಅಂದಾಜಿಗೆ ಒಂದು ದಾರಿಯಿದೆ. ಇದಕ್ಕಿಂತ ಐದು ವರ್ಷ ಹಳೆಯದಾದ, ಅಂದರೆ 2008ರ ಕೊನೆಯ ಅಥವಾ 2009ರ ಕರೆರಾ ಎಸ್, ಮ್ಯಾನುಯಲ್, 90,000 ಕಿ.ಮೀ. ಆಸುಪಾಸಿನದು, ಈಗ ಎಷ್ಟಕ್ಕೆ ಮಾರಾಟವಾಗುತ್ತಿದೆ ನೋಡಿ. ಜಾಹೀರಾತಿನಲ್ಲಿ ಕೇಳುವ ಬೆಲೆ ಬಿಡಿ, ಕೈ ಬದಲಾದ ಬೆಲೆ ಹುಡುಕಿ; ಹರಾಜಿನ ಫಲಿತಾಂಶಗಳಲ್ಲಿ ಸಿಗುತ್ತದೆ. ಅದಕ್ಕೂ ನಿಮ್ಮ ಕಾರಿನ ಬೆಲೆಗೂ ಇರುವ ಅಂತರ ಮೊದಲ ಅಂಕಿ. ವರ್ಷದ ವಿಮೆ, ಸರ್ವಿಸ್, ಟೈರಿನ ಮೊತ್ತವನ್ನು ಐದರಿಂದ ಗುಣಿಸಿದರೆ ಎರಡನೆಯದು. ಕಾರಿನ ಬೆಲೆಯ ಹತ್ತನೇ ಒಂದು ಭಾಗವನ್ನು ದೊಡ್ಡ ರಿಪೇರಿಗೆಂದು ಬೇರೆ ಖಾತೆಯಲ್ಲಿಡಿ, ಅದು ಮೂರನೆಯದು. ನನ್ನನ್ನು ಕೇಳುವ ಎಲ್ಲರಿಗೂ ಹೇಳುವ ಅಳತೆ ಇದು. ಬಳಕೆಯಾಗದಿದ್ದರೆ ಮಗಳ ಕಾಲೇಜಿಗೆ ಆಯಿತು. ಈ ಮೂರನ್ನೂ ಕೂಡಿಸಿ ಪತ್ನಿಯವರ ಮುಂದಿಡಿ. ಮಾರುಕಟ್ಟೆ ಕೆಟ್ಟರೆ ಎಂದು ಮೊದಲ ಅಂಕಿಯನ್ನು ದುಪ್ಪಟ್ಟು ಮಾಡಿಯೂ ಒಮ್ಮೆ ಕೂಡಿ ನೋಡಿ. ಆ ಮೊತ್ತ ಕಂಡೂ ಇಬ್ಬರ ಮನಸ್ಸೂ ಹಗುರವಾಗಿದ್ದರೆ ಕೊಳ್ಳಿ. ಒಬ್ಬರ ಹುಬ್ಬು ಗಂಟಿಕ್ಕಿದರೂ ಇನ್ನೂ ಒಂದು ವರ್ಷ ಕೂಡಿಡಿ. ಈ ಕಾರು ಹೋದರೆ ಇನ್ನೊಂದು ಬರುತ್ತದೆ; ಕರೆರಾ ಎಸ್ ಬೆರಳೆಣಿಕೆಯ ಕಾರಲ್ಲ.

ಮೂರನೆಯ ಕಾರಿನಲ್ಲಿ ಒಂದು ಅಪಾಯವನ್ನು ಮುಚ್ಚಿಡಲಾರೆ. ನೀವು ಅಂದುಕೊಂಡದ್ದಕ್ಕಿಂತ ಹೆಚ್ಚು ಓಡಿಸಿ ಮೀಟರು ಒಂದು ಲಕ್ಷ ದಾಟಿತೆಂದರೆ, ಎಂಜಿನ್ ಎಷ್ಟೇ ಚೆನ್ನಾಗಿದ್ದರೂ ಕೊಳ್ಳುವವರ ಗುಂಪು ಕಿರಿದಾಗುತ್ತದೆ. ಆರಂಕಿಯ ಭಯಕ್ಕೆ ತಾಂತ್ರಿಕ ಕಾರಣವಿಲ್ಲ, ಆದರೂ ಮಾರುಕಟ್ಟೆಯಲ್ಲಿ ಅದಕ್ಕೆ ಬೆಲೆಯಿದೆ. ಮಾರುವ ವರ್ಷ ಹತ್ತಿರವಾದಾಗ ಅಂಕಿಯ ಕಡೆ ಒಂದು ಕಣ್ಣಿರಲಿ.

ಮಾರುವವರಿಗೆ ಇವತ್ತೇ ಫೋನ್ ಮಾಡಿ ಎಂಜಿನ್ ವರದಿ ತೆಗೆಸಲು ಒಪ್ಪಿಗೆ ಕೇಳಿ, ಖರ್ಚು ನಿಮ್ಮದೇ ಎಂದೂ ಹೇಳಿ. ಒಪ್ಪದಿದ್ದರೆ ಅಲ್ಲಿಗೇ ಬಿಡಿ. ಒಪ್ಪಿದರೆ ವರದಿಯ ಪ್ರತಿಯನ್ನೂ ಸರ್ವಿಸ್ ಬಿಲ್ಲುಗಳ ಚಿತ್ರಗಳನ್ನೂ ನನಗೆ ಕಳಿಸಿ, ಗಂಟೆಗಳನ್ನೂ ದಿನಾಂಕಗಳನ್ನೂ ತಾಳೆ ನೋಡಿ ಹೇಳುತ್ತೇನೆ.